ಮಿನುಗುತಾರೆ ಕಲ್ಪನಾ: ಸಾವಿನ ಕಥೆ ಸಾಕು, ಅಭಿನಯದ ಮಾತಾಡೋಣ

ಕಾರ್ಕಳದ ಓದುಗಿ
ಜುಲೈ 18 ಚಿತ್ರನಟಿ ಕಲ್ಪನಾ ಹುಟ್ಟಿದ ದಿನ. ಈ ಸಲವೂ ಮೊಬೈಲಿಗೆ ಬಂದ ಸಂದೇಶಗಳನ್ನೆಲ್ಲ ಓದಿದೆ. ಹುಟ್ಟುಹಬ್ಬದ ನೆಪದಲ್ಲಿ ಬರೆದವರೂ ಮೂರನೆಯ ಸಾಲಿಗೆ ಅವರು ತೀರಿಕೊಂಡ ಗೋಟೂರಿಗೆ ಬಂದುಬಿಡುತ್ತಾರೆ. 1979ರ ಮೇ 12ರಂದು ಏನಾಯಿತು, ಯಾರ ಜೊತೆ ಜಗಳ, ಎಷ್ಟು ಸಾಲ, ಯಾರು ಯಾರನ್ನು ಕೈಬಿಟ್ಟರು. ಓದಿ ಓದಿ ಬೇಸತ್ತಿದ್ದೇನೆ. ಹದಿನಾರು ವರ್ಷ ದುಡಿದ ಕಲಾವಿದೆಯನ್ನು ಒಂದೇ ರಾತ್ರಿಗೆ ಕಟ್ಟಿಹಾಕಿದ್ದೇವೆ. ಅದೂ ನಮ್ಮ ದಕ್ಷಿಣ ಕನ್ನಡದಲ್ಲಿ, 1943ರಲ್ಲಿ ಶರತ್ ಲತಾ ಎಂಬ ಹೆಸರಿನಿಂದ ಹುಟ್ಟಿ, ಬೆಂಗಳೂರು–ಮದರಾಸುಗಳಲ್ಲಿ ದುಡಿದು ಮೇಲೆ ಬಂದ ಹೆಣ್ಣುಮಗಳನ್ನು.

ಈ ಚರ್ಚೆಯಲ್ಲಿ ಅವರ ಕೆಲಸದ ಬಗ್ಗೆ ಮಾತ್ರ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಕಲ್ಪನಾ ಅವರಿಗೆ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಮೂರು ಸಲ ಬಂತು. ಬೆಳ್ಳಿಮೋಡ (1967), ಹಣ್ಣೆಲೆ ಚಿಗುರಿದಾಗ (1968), ಶರಪಂಜರ (1971). ಮೂರೂ ತ್ರಿವೇಣಿಯವರ ಕಾದಂಬರಿಗಳು. ಪಾತ್ರಗಳು ಇಂದಿರಾ, ಮಾಲತಿ, ಕಾವೇರಿ. ನಿರ್ದೇಶಕರು ಒಬ್ಬರೇ ಅಲ್ಲ. ಮೊದಲನೆಯದೂ ಕೊನೆಯದೂ ಪುಟ್ಟಣ್ಣ ಕಣಗಾಲರದ್ದು, ನಡುವಿನದು ಎಂ.ಆರ್. ವಿಠಲ್ ಅವರದ್ದು. ಹಾಗಾಗಿ 'ಪುಟ್ಟಣ್ಣ ತಿದ್ದಿ ತೀಡಿದ ನಟಿ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಪುಟ್ಟಣ್ಣನವರ ಋಣ ದೊಡ್ಡದು, ನಿಜ. ಆದರೆ ಮೂರೂ ಕಡೆ ಇರುವ ಇಬ್ಬರು ಹೆಂಗಸರು ಬೇರೆ: ಬರೆದವರು ತ್ರಿವೇಣಿ, ನಟಿಸಿದವರು ಕಲ್ಪನಾ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಹೆಂಗಸಿನ ಮನಸ್ಸಿನ ಒಳಗನ್ನು ಬಿಡಿಸಿ ಬರೆದರು. ಪುಟಗಟ್ಟಲೆ ಒಳಮಾತು ಇರುವ ಪಾತ್ರಗಳವು. ಪರದೆಯ ಮೇಲೆ ಒಳಮಾತು ಬರೆಯಲು ಜಾಗವಿಲ್ಲ, ಮುಖದಲ್ಲೇ ಕಾಣಬೇಕು. ಕಲ್ಪನಾ ಅದನ್ನು ಮುಖಕ್ಕೆ ತಂದರು.

ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ. ಬಿ.ಆರ್. ಪಂತುಲು ಅವರ 'ಸಾಕು ಮಗಳು' ಚಿತ್ರದಲ್ಲಿ ಕಲ್ಪನಾ ಮೊದಲ ಸಲ ಕಾಣಿಸಿಕೊಂಡದ್ದೂ 1963ರಲ್ಲೇ. ತನ್ನ ಕಾವೇರಿ ಹೀಗೆ ಜೀವ ತಳೆಯುತ್ತಾಳೆ ಎಂದು ಆ ತಾಯಿ ನೋಡಲೇ ಇಲ್ಲವಲ್ಲ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಮಲ್ಪೆಯ ಮೇಷ್ಟ್ರು
ಒಳ್ಳೆಯ ಕೆಲಸ ಮಾಡಿದಿರಿ ಅಕ್ಕ. ಪಂತುಲು ಅವರ ಬಳಿಗೆ ಆಕೆಯನ್ನು ಕರೆದೊಯ್ದವರು ನಮ್ಮೆಲ್ಲರ ನಗೆಯ ನಟ ನರಸಿಂಹರಾಜು ಎನ್ನುವುದನ್ನೂ ಸೇರಿಸಿಕೊಳ್ಳಿ. ಶಿಫಾರಸು ಬೇಕಾದಾಗ ಮಾಡುವ ದೊಡ್ಡ ಮನಸ್ಸು ಇದ್ದವರು ಅವರು.

ಬೆಳ್ಳಿಮೋಡದ ಬಗ್ಗೆ ಒಂದು ಮಾತು. ನಾನು ಕನ್ನಡ ಪಾಠ ಮಾಡುತ್ತಿದ್ದವನು, ತರಗತಿಯಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಮದುವೆ ಗೊತ್ತಾಗಿದೆ, ಹುಡುಗ ಓದಿ ಬರಲು ಹೋಗಿದ್ದಾನೆ. ಅಷ್ಟರಲ್ಲಿ ತಾಯಿಗೆ ಗಂಡು ಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ಇನ್ನೊಬ್ಬ ವಾರಸುದಾರ ಬಂದನೆಂದು ಹುಡುಗನ ಮನಸ್ಸು ತಿರುಗುತ್ತದೆ. ಮುಂದೆ ಅದೇ ಹುಡುಗ ಏಳಲಾರದೆ ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ, ಅವನ ಮನಸ್ಸು ಕರಗುತ್ತದೆ, ಅವನು ಕೈಹಿಡಿಯುತ್ತೇನೆ ಎನ್ನುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ.

1967ರಲ್ಲಿ ಒಬ್ಬ ನಾಯಕಿ ಹಾಗೆ ಒಲ್ಲೆ ಎಂದದ್ದು ಸಣ್ಣ ಮಾತಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ತನ್ನ ಮದುವೆ ತಪ್ಪಲು ಕಾರಣವಾದ ಆ ಎಳೆಗೂಸನ್ನು ಅವಳು ಎತ್ತಿಕೊಳ್ಳುವ ರೀತಿಯಲ್ಲಿ ಎಲ್ಲಿಯೂ ಕಹಿಯಿಲ್ಲ. ಆ ಪಾತ್ರ ತ್ಯಾಗಮಯಿಯ ಗೊಂಬೆಯಾಗಲು ಎಷ್ಟು ಹೊತ್ತು ಬೇಕು? ಕಲ್ಪನಾ ಹಾಗಾಗಲು ಬಿಡಲಿಲ್ಲ. ಮಗುವಿನ ಮೇಲಿನ ಪ್ರೀತಿಯೂ ಒಳಗಿನ ಅವಮಾನವೂ ಒಂದೇ ಮುಖದಲ್ಲಿ ಒಟ್ಟಿಗೆ ಇವೆ. ಪುಟ್ಟಣ್ಣನವರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ಅದು ಎಂದರೆ ಈಗಲೂ ನಂಬುವುದು ಕಷ್ಟ. ಬೇಂದ್ರೆಯವರ 'ಮೂಡಲ ಮನೆಯ ಮುತ್ತಿನ ನೀರಿನ' ಕವಿತೆಯನ್ನು ಎಸ್. ಜಾನಕಿ ಹಾಡಿದ್ದೂ ಇದೇ ಚಿತ್ರಕ್ಕೆ. ಪುಸ್ತಕ ಮುಟ್ಟದವರ ಬಾಯಿಗೂ ಬೇಂದ್ರೆ ಬಂದದ್ದು ಹೀಗೆ.

ಸುರತ್ಕಲ್ಲಿನ ವಿದ್ಯಾರ್ಥಿ
ನನ್ನ ಅಜ್ಜಿ ಕಲ್ಪನಾ ಎಂದರೆ ಪ್ರಾಣ ಬಿಡುತ್ತಾರೆ. ನಾನು ಇದುವರೆಗೆ 'ಗಂಧದ ಗುಡಿ' ಒಂದನ್ನೇ ನೋಡಿದ್ದು, ಅದೂ ರಾಜ್‌ಕುಮಾರ್ ಅವರಿಗಾಗಿ. ಎಲ್ಲಿಂದ ಶುರು ಮಾಡಬೇಕು? ಹಳೆಯ ಕಪ್ಪು ಬಿಳುಪು ಚಿತ್ರಗಳ ವೇಗ ಒಗ್ಗುತ್ತದೋ ಇಲ್ಲವೋ ಎಂಬ ಅಳುಕಿದೆ.

ಕದ್ರಿ ನಿವಾಸಿ
ಎಲ್ಲರೂ ಹೊಗಳುವ ಜಾಗದಲ್ಲಿ ಒಂದು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ನಾನೂ ಜ್ಯೋತಿ ಚಿತ್ರಮಂದಿರದಲ್ಲಿ ಸಾಲಿನಲ್ಲಿ ನಿಂತು ಟಿಕೆಟ್ ಪಡೆದು ಅವರ ಚಿತ್ರಗಳನ್ನು ನೋಡಿದವನೇ. ನನ್ನ ದೃಷ್ಟಿಯಲ್ಲಿ ಕಲ್ಪನಾ ದೊಡ್ಡ ನಟಿ, ಆದರೆ ಅಳತೆ ಮೀರುತ್ತಿದ್ದರು. ಕಣ್ಣು ಅರಳಿಸುವುದು, ಮಾತಿನ ಕೊನೆಯನ್ನು ಎಳೆಯುವುದು, ಬೆನ್ನು ತಿರುಗಿಸಿ ನಿಂತು ಥಟ್ಟನೆ ತಿರುಗುವುದು. ಎಪ್ಪತ್ತರ ದಶಕದ ನಡುವಿನಲ್ಲಿ ಅದು ಅಭ್ಯಾಸವಾಗಿಹೋಗಿತ್ತು. ಪಾತ್ರ ಯಾವುದಾದರೂ ಕಲ್ಪನಾ ಅವರೇ ಕಾಣಿಸುತ್ತಿದ್ದರು. ಒಳ್ಳೆಯ ನಿರ್ದೇಶಕರು ಇದ್ದಾಗ ಹಿಡಿತ, ಇಲ್ಲದಿದ್ದಾಗ ಅಬ್ಬರ. ಪ್ರೀತಿಯಿಂದ ನೆನೆಯುವಾಗಲೂ ಇದನ್ನು ಹೇಳಲೇಬೇಕು. ಹೇಳದಿದ್ದರೆ ನಾವು ಪೂಜೆ ಮಾಡಿದಂತೆ ಆಗುತ್ತದೆ, ನೋಡಿದಂತೆ ಆಗುವುದಿಲ್ಲ.

ಕಾರ್ಕಳದ ಓದುಗಿ
ಕದ್ರಿಯವರೇ, ಬೇಸರವೇಕೆ, ಚರ್ಚೆ ಎಂದರೆ ಇದೇ ಅಲ್ಲವೇ. ನಿಮಗೂ ಸುರತ್ಕಲ್ಲಿನ ತಮ್ಮನಿಗೂ ನನ್ನದು ಒಂದೇ ಉತ್ತರ: 'ಉಯ್ಯಾಲೆ' ನೋಡಿ. 1969ರ ಚಿತ್ರ, ಚದುರಂಗರ ಕಾದಂಬರಿ, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್ ಅವರದು. ಪುಸ್ತಕಗಳಲ್ಲಿ ಮುಳುಗಿಹೋದ ಗಂಡ. ಆ ಪಾತ್ರದಲ್ಲಿ ಕೆ.ಎಸ್. ಅಶ್ವತ್ಥ್. ಅವನು ಕೆಟ್ಟವನಲ್ಲ, ಹೊಡೆಯುವುದಿಲ್ಲ, ಬೈಯುವುದಿಲ್ಲ, ಹೆಂಡತಿ ಇದ್ದಾಳೆ ಎಂಬುದನ್ನೇ ಮರೆತಿದ್ದಾನೆ ಅಷ್ಟೆ. ಆ ಮನೆಗೆ ಬರುವ ಇನ್ನೊಬ್ಬ ಗಂಡಸು ರಾಜ್‌ಕುಮಾರ್. ಅವಳ ಮನಸ್ಸು ತೂಗಲು ತೊಡಗುತ್ತದೆ.

ಈ ಚಿತ್ರದಲ್ಲಿ ಕಲ್ಪನಾ ಎಲ್ಲಿಯೂ ದನಿ ಏರಿಸುವುದಿಲ್ಲ. ಆ ಒಂಟಿತನ ಇರುವುದು ಮನೆಗೆಲಸದ ನಡುವಿನ ಬಿಡುವುಗಳಲ್ಲಿ. ತಾನು ಮಾಡುತ್ತಿರುವುದು ತಪ್ಪೆಂದು ಅವಳಿಗೂ ಗೊತ್ತಿದೆ, ತನ್ನ ಹಸಿವು ಸುಳ್ಳಲ್ಲ ಎಂದೂ ಗೊತ್ತಿದೆ. ಮದುವೆಯಾದ ಹೆಂಗಸಿನ ಇಂತಹ ಆಸೆಯನ್ನು ಆ ಕಾಲದಲ್ಲಿ ಖಳನಾಯಕಿಯ ಬಣ್ಣ ಬಳಿಯದೆ ತೋರಿಸಲು ನಿರ್ದೇಶಕರಿಗೆ ಧೈರ್ಯ ಬೇಕಿತ್ತು, ನಟಿಗೆ ಅದರ ಎರಡರಷ್ಟು ಬೇಕಿತ್ತು. ಜನ ಪಾತ್ರವನ್ನೂ ನಟಿಯನ್ನೂ ಬೇರೆ ಮಾಡಿ ನೋಡುತ್ತಿರಲಿಲ್ಲ.

ಬೆಳ್ಳಿಮೋಡದ ಹಿಡಿತ, ಉಯ್ಯಾಲೆಯ ಮೌನ, ಶರಪಂಜರದ ಸ್ಫೋಟ. ಮೂರನ್ನೂ ನಾಲ್ಕೇ ವರ್ಷಗಳಲ್ಲಿ ಮಾಡಿದವರಿಗೆ ಅಳತೆ ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಂತರದ ವರ್ಷಗಳಲ್ಲಿ ಆಕೆಗೆ ಬಂದ ಪಾತ್ರಗಳು ಹೇಗಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಣ್ಣೀರು ಬೇಕು, ಕೂಗಾಟ ಬೇಕು, ಶರಪಂಜರದಂತೆಯೇ ಬೇಕು ಎಂದು ಕೇಳುತ್ತಿದ್ದವರು ನಾವೇ, ಪ್ರೇಕ್ಷಕರು.

ಬಜಪೆಯ ಮಗಳು
ನಾನು ಸಿನಿಮಾ ಬಲ್ಲವಳಲ್ಲ. ಅಮ್ಮನ ಬಗ್ಗೆ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು ಅಕ್ಕಂದಿರು ಒಟ್ಟಿಗೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಎಲೆ ಕತ್ತರಿಸಿ, ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದಕ್ಕೆ ಕಣ್ಣು ಬೇಕಾಗಿರಲಿಲ್ಲ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಹಾಗಾಗಿ ಕಿವಿಯೂ ಬಾಯಿಯೂ ಬಿಡುವಾಗಿ ಇರುತ್ತಿದ್ದವು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಅದೇ ವರ್ಷ ಬಂದ 'ಬಯಲು ದಾರಿ'ಯ ಹಾಡುಗಳು ರೇಡಿಯೋದಲ್ಲಿ ಬಂದರೆ ಎಲ್ಲರ ಮಾತು ನಿಲ್ಲುತ್ತಿತ್ತು. 'ಬಾನಲ್ಲೂ ನೀನೇ ಭುವಿಯಲ್ಲೂ ನೀನೇ' ಎಂದು ಜಾನಕಿ ಹಾಡುವಾಗ ಅಮ್ಮನಿಗೆ ಕಾಣುತ್ತಿದ್ದವಳು ಕಲ್ಪನಾ.

ಶನಿವಾರ ಬೀಡಿ ಬ್ರಾಂಚಿನಲ್ಲಿ ಬಟವಾಡೆ. ಆ ಹಣದಲ್ಲಿ ಸ್ವಲ್ಪ ಸ್ವಲ್ಪ ಒಟ್ಟುಗೂಡಿಸಿ ಹೆಂಗಸರೇ ಬಸ್ ಹತ್ತಿ ಮಂಗಳೂರಿಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದರು. ಗಂಡಸರನ್ನು ಕೇಳಬೇಕಾಗಿರಲಿಲ್ಲ, ಅದು ಅವರದ್ದೇ ದುಡಿಮೆ. ಶರಪಂಜರ ನೋಡಿ ಬಂದ ಮೇಲೆ ಎಷ್ಟೋ ದಿನ ಜಗಲಿಯಲ್ಲಿ ಅದೇ ಚರ್ಚೆಯಂತೆ. ದೊಡ್ಡಮ್ಮನಿಗೆ ಸಿಟ್ಟು ಬಂದದ್ದು ಗಂಡನ ಮೇಲಲ್ಲ, ಮನಸ್ಸಿನ ಕಾಯಿಲೆ ಗುಣವಾಗಿ ಕಾವೇರಿ ಮನೆಗೆ ಮರಳಿದಾಗ ಪಿಸುಗುಟ್ಟುವ ನೆರೆಮನೆಯ ಹೆಂಗಸರ ಮೇಲೆ. 'ನಮ್ಮ ಬಾಯಿಯೇ ಅವಳನ್ನು ಪುನಃ ಆಸ್ಪತ್ರೆಗೆ ಕಳಿಸಿತು' ಎಂದು ಅವರು ಹೇಳುತ್ತಿದ್ದರು. 'ಅವರ ಬಾಯಿ' ಎನ್ನದೆ 'ನಮ್ಮ ಬಾಯಿ' ಎಂದದ್ದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು.

ನಮ್ಮ ಮನೆಯ ಮಾತು ತುಳು. ಕನ್ನಡ ಶಾಲೆಯಲ್ಲಿ, ರೇಡಿಯೋದಲ್ಲಿ, ಸಿನಿಮಾದಲ್ಲಿ ಸಿಕ್ಕಿದ್ದು. ಕಲ್ಪನಾ ಆಡುವ ಕನ್ನಡ ಅಮ್ಮನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಶುದ್ಧವಾಗಿ ಕಿವಿಗೆ ಬೀಳುತ್ತಿತ್ತು.

ಮಲ್ಪೆಯ ಮೇಷ್ಟ್ರು
ಬಜಪೆಯವರೇ, ನಿಮ್ಮ ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಶರಪಂಜರದ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಸರಿಯಾದ ಮಾತನ್ನು ಓದಿಲ್ಲ.

ನಿವೃತ್ತ ಶುಶ್ರೂಷಕಿ, ಉಡುಪಿ
ಶರಪಂಜರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಮಾನಸಿಕ ರೋಗಿಗಳ ವಿಭಾಗದಲ್ಲಿಯೂ ಹೆರಿಗೆ ವಿಭಾಗದಲ್ಲಿಯೂ ಕೆಲಸ ಮಾಡಿದವಳು.

ಕಾವೇರಿಗೆ ಬರುವುದು ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಬರುತ್ತದೆ, ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಶುರುವಾಗುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಇಲ್ಲದ್ದು ಕೇಳಿಸುತ್ತದೆ, ಮನೆಯವರ ಮೇಲೆಯೇ ಅನುಮಾನ ಹುಟ್ಟುತ್ತದೆ. ತಡ ಮಾಡದೆ ಆಸ್ಪತ್ರೆಗೆ ಕರೆತಂದರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ. ಗುಣವಾಗುತ್ತಾರೆ ಎಂಬುದನ್ನು ಎರಡು ಸಲ ಓದಿ. ಏಕೆಂದರೆ ಶರಪಂಜರದ ಕಥೆಯೇ ಅದು: ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದವರು ಅವಳ ಸುತ್ತ ಇದ್ದವರು.

ಕಲ್ಪನಾ ಅವರ ಅಭಿನಯದಲ್ಲಿ ಎಲ್ಲರೂ ನೆನೆಯುವುದು ಕೊನೆಯ ಭಾಗದ ಅಬ್ಬರವನ್ನು. ನಾನು ನೋಡುವುದು ಅದಕ್ಕಿಂತ ಮೊದಲಿನ ಭಾಗವನ್ನು. 'ಹದಿನಾಲ್ಕು ವರ್ಷ ವನವಾಸದಿಂದ ಮರಳಿ ಬಂದಳು ಸೀತೆ' ಹಾಡಿನ ಹೊತ್ತಿನ ಆ ಮುಖದಲ್ಲಿ ಸಂತೋಷವಿದೆ, ಅದರ ಹಿಂದೆಯೇ ಪರೀಕ್ಷೆಗೆ ಕೂತವರ ಎಚ್ಚರವೂ ಇದೆ. ಕಾಯಿಲೆಯಿಂದ ಎದ್ದು ಮನೆಗೆ ಹೋದ ಹೆಂಗಸರಲ್ಲಿ ನಾನು ಅದೇ ಎಚ್ಚರವನ್ನು ಕಂಡಿದ್ದೇನೆ. ಜೋರಾಗಿ ನಕ್ಕರೆ ಕಾಯಿಲೆ ಮರುಕಳಿಸಿತು ಎನ್ನುತ್ತಾರೆ. ಸುಮ್ಮನೆ ಕೂತರೂ ಅದನ್ನೇ ಎನ್ನುತ್ತಾರೆ. ಮಗುವನ್ನು ಎತ್ತಿಕೊಳ್ಳಲು ಹೋದರೆ ಯಾರೋ ಹತ್ತಿರ ಬಂದು ನಿಲ್ಲುತ್ತಾರೆ. ಕೈಯಿಂದ ಪಾತ್ರೆ ಜಾರುವುದು ಎಲ್ಲರಿಗೂ ಸಹಜ, ಅವಳಿಗೆ ಮಾತ್ರ ಅಪರಾಧ. ಕಲ್ಪನಾ ಇದನ್ನು ಎಲ್ಲಿ ನೋಡಿ ಕಲಿತರೋ ಗೊತ್ತಿಲ್ಲ, ಆದರೆ ಅದರಲ್ಲಿ ಸುಳ್ಳಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಈ ಚಿತ್ರ ನೋಡಿ ಎಂದೇ ಹೇಳುತ್ತಿದ್ದೆ.

ಕದ್ರಿಯವರು ಹೇಳಿದ ಅತಿ ನನಗೂ ಕೆಲವು ಚಿತ್ರಗಳಲ್ಲಿ ಕಾಣುತ್ತದೆ. ಶರಪಂಜರದ ಕೊನೆಯನ್ನು ಆ ಸಾಲಿಗೆ ಸೇರಿಸಬೇಡಿ. ಆ ಸ್ಥಿತಿಯಲ್ಲಿ ಇರುವವರು ಅಳೆದು ತೂಗಿ ಮಾತನಾಡುವುದಿಲ್ಲ.

ಕದ್ರಿ ನಿವಾಸಿ
ಸೇರಿಸುವುದಿಲ್ಲ ಅಮ್ಮ, ಶರಪಂಜರವನ್ನು ನಾನು ಆ ಸಾಲಿನಲ್ಲಿ ಇಟ್ಟೂ ಇರಲಿಲ್ಲ. ಪುಟ್ಟಣ್ಣನವರ ಐದು ಚಿತ್ರಗಳನ್ನು (ಬೆಳ್ಳಿಮೋಡ, ಕಪ್ಪು ಬಿಳುಪು, ಗೆಜ್ಜೆಪೂಜೆ, ಕರುಳಿನ ಕರೆ, ಶರಪಂಜರ) ಪಕ್ಕಕ್ಕಿಡಿ. ಶರಪಂಜರದ ನಂತರ ಅವರಿಬ್ಬರೂ ಮತ್ತೆ ಒಟ್ಟಿಗೆ ಚಿತ್ರ ಮಾಡಲಿಲ್ಲ. ನನ್ನ ಮಾತು ಅದರ ನಂತರದ ಚಿತ್ರಗಳ ಬಗ್ಗೆ. ಅಲ್ಲಿಯೂ 'ಎರಡು ಕನಸು' (1974) ನನ್ನ ಮಾತನ್ನು ಸುಳ್ಳಾಗಿಸುತ್ತದೆ ಎಂದು ನೀವು ಹೇಳಬಹುದು. ದೊರೈ–ಭಗವಾನ್ ನಿರ್ದೇಶಿಸಿದ ಚಿತ್ರ. ಬೇರೊಬ್ಬಳನ್ನು ಮರೆಯಲಾರದ ಗಂಡನ ಹೆಂಡತಿ ಗೌರಿ. 'ಪೂಜಿಸಲೆಂದೇ ಹೂಗಳ ತಂದೆ' ಹಾಡಿನಲ್ಲಿ ಬಾಗಿಲು ತೆರೆಯೆಂದು ಬೇಡುತ್ತಿರುವುದು ದೇವರನ್ನೋ ಗಂಡನನ್ನೋ ಎಂದು ಬಿಡಿಸಿ ಹೇಳಲಾಗದಂತೆ ನಟಿಸಿದ್ದಾರೆ. ಅಲ್ಲಿ ಅಳತೆ ಇದೆ. ಎದುರಿಗೆ ರಾಜ್‌ಕುಮಾರ್ ಇದ್ದದ್ದರಿಂದಲೂ ಇರಬಹುದು, ಅವರ ಎದುರು ಯಾರೂ ಕೂಗಾಡಿ ಗೆಲ್ಲಲಾಗುತ್ತಿರಲಿಲ್ಲ.

ರಥಬೀದಿಯ ಟೈಲರ್
ನಮ್ಮದು ಉಡುಪಿಯಲ್ಲಿ ಅಪ್ಪನ ಕಾಲದ ಹೊಲಿಗೆ ಅಂಗಡಿ. ಅಭಿನಯದ ವಿಚಾರ ನೀವೆಲ್ಲ ಬಲ್ಲಿರಿ, ನಾನು ರವಿಕೆಯ ವಿಚಾರ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಹುಡುಗಿಯರು ಪತ್ರಿಕೆಯಿಂದ ಕತ್ತರಿಸಿದ ಕಲ್ಪನಾ ಚಿತ್ರ ಹಿಡಿದು ಅಪ್ಪನ ಬಳಿ ಬರುತ್ತಿದ್ದರು. ಮಣಿಕಟ್ಟಿನವರೆಗೆ ಉದ್ದ ತೋಳು, ತುದಿಗೆ ಪಟ್ಟಿ, ಅಲ್ಲಿ ಎರಡು ಹುಕ್ಕು. ಉದ್ದ ತೋಳು ಹೊಲಿಯುವುದು ಸುಲಭವಲ್ಲ. ಮೊಣಕೈ ಮಡಚಿದರೆ ಹಿಡಿಯಬಾರದು, ಕೈ ಇಳಿಬಿಟ್ಟರೆ ನೆರಿಗೆ ಬೀಳಬಾರದು. ಕಂಕುಳಿನ ಕೆಳಗೆ ಒಂದಿಷ್ಟು ಬಟ್ಟೆ ಹೆಚ್ಚು ಬಿಟ್ಟು, ಮೊಣಕೈಯ ಹತ್ತಿರ ಸಣ್ಣ ಟಕ್ಕು ಹಿಡಿದು ಅಪ್ಪ ಸರಿಮಾಡುತ್ತಿದ್ದರು. ಒಳಗೆ ಗಾಳಿಯಾಡಲಿ ಎಂದು ಟೂ ಬೈ ಟೂ ಬಟ್ಟೆಯನ್ನೇ ತರಲು ಹೇಳುತ್ತಿದ್ದರು. ನಮ್ಮ ಸೆಕೆಯಲ್ಲಿ ಏಪ್ರಿಲ್–ಮೇ ತಿಂಗಳ ಮದುವೆಗಳಿಗೆ ಅಷ್ಟು ಉದ್ದ ತೋಳು ತೊಟ್ಟು ಹೋಗುತ್ತಿದ್ದರೆಂದರೆ ಆ ನಟಿಯ ಮೇಲೆ ಎಷ್ಟು ಪ್ರೀತಿ ಇದ್ದಿರಬೇಕು ನೋಡಿ.

ದೊಡ್ಡ ಕುಂಕುಮ, ದೊಡ್ಡ ಉಂಗುರ, ದೊಡ್ಡ ಹೂವಿನ ಸೀರೆ ಎಲ್ಲವೂ ಅವರಿಂದಲೇ ಬಂತು ಎನ್ನುತ್ತಾರೆ. ಅಪ್ಪ ಹೇಳುತ್ತಿದ್ದದ್ದು ಬೇರೆ. ಕಲ್ಪನಾ ತೀರಾ ಸಪೂರ, ಎತ್ತರವೂ ಹೆಚ್ಚಿಲ್ಲ, ಬಣ್ಣವೂ ಆಗಿನ ನಾಯಕಿಯರಷ್ಟು ಬಿಳಿಯಲ್ಲ. ಹಾಗಿದ್ದೂ ತನಗೆ ಏನು ಒಪ್ಪುತ್ತದೆ ಎಂದು ತಾನೇ ಕಂಡುಕೊಂಡ ಹೆಂಗಸು. ಸಾಮಾನ್ಯ ಮೈಕಟ್ಟಿನ ಹುಡುಗಿಯರಿಗೆ ಅದು ಧೈರ್ಯ ಕೊಟ್ಟಿತು.

ಬೆಳ್ತಂಗಡಿಯವನು
ನಮ್ಮ ಊರಿನ ಲೀಲಾವತಿಯವರನ್ನು ಸೇರಿಸದೆ ಈ ಮಾತು ಪೂರ್ತಿಯಾಗುವುದಿಲ್ಲ. ಬೆಳ್ತಂಗಡಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ನಾಟಕದಲ್ಲಿ ಪಳಗಿ, ಸಿನಿಮಾಕ್ಕೆ ಬಂದವರು. 2023ರ ಡಿಸೆಂಬರ್ 8ರಂದು ತೀರಿಕೊಂಡರು.

ಗೆಜ್ಜೆಪೂಜೆಯನ್ನು ನೆನಪಿಸಿಕೊಳ್ಳಿ. ಎಂ.ಕೆ. ಇಂದಿರಾ ಅವರ ಕಥೆ. ಮದುವೆ, ಮನೆ, ಮರ್ಯಾದೆ ಬಯಸುವ ಮಗಳು ಚಂದ್ರಾ ಕಲ್ಪನಾ. ದೇವದಾಸಿಯ ಬದುಕಿನಿಂದ ಮಗಳನ್ನು ಪಾರು ಮಾಡಲು ಒದ್ದಾಡುವ ತಾಯಿ ಲೀಲಾವತಿ. ಇಬ್ಬರೂ ದಕ್ಷಿಣ ಕನ್ನಡದವರು. ಆ ಪಾತ್ರಕ್ಕೆ ಲೀಲಾವತಿಯವರಿಗೆ ರಾಜ್ಯದ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂತು. ತಾಯಿ ಮಗಳಾಗಿ ನಟಿಸಿದ ಇವರಿಬ್ಬರ ನಡುವೆ ವಯಸ್ಸಿನ ಅಂತರ ಎಷ್ಟು ಗೊತ್ತೇ? ಲೀಲಾವತಿ 1937ರಲ್ಲಿ ಹುಟ್ಟಿದವರು, ಕಲ್ಪನಾ 1943ರಲ್ಲಿ. ಆರು ವರ್ಷ ಕೂಡ ತುಂಬುವುದಿಲ್ಲ.

ಲೀಲಾವತಿ 1963ರ 'ಕುಲವಧು'ವಿನಲ್ಲಿ ರಾಜ್‌ಕುಮಾರ್ ಅವರ ನಾಯಕಿ. 'ಯುಗ ಯುಗಾದಿ ಕಳೆದರೂ' ಹಾಡು ಬಂದದ್ದು ಅದೇ ಚಿತ್ರದಲ್ಲಿ. 1969ಕ್ಕೆ, ಗೆಜ್ಜೆಪೂಜೆಯಲ್ಲಿ, ಅವರು ಪ್ರಾಯಕ್ಕೆ ಬಂದ ಮಗಳ ತಾಯಿ. ರಾಜ್‌ಕುಮಾರ್ ಆಗಲೂ ನಾಯಕರೇ, ಮುಂದೆ ಹಲವು ವರ್ಷ ನಾಯಕರೇ. ನಾಯಕಿಗೆ ಚಿತ್ರರಂಗ ಕೊಟ್ಟ ಗಡುವು ಅಷ್ಟು ಸಣ್ಣದಾಗಿತ್ತು. ಲೀಲಾವತಿ ಆ ಗಡುವನ್ನು ಒಪ್ಪಿಕೊಂಡು ತಾಯಿಯ ಪಾತ್ರಗಳಿಗೆ ಇಳಿದರು, ಅಲ್ಲಿಯೂ ಗೆದ್ದರು. ನಾಗರಹಾವಿನ ಚಾಮಯ್ಯ ಮೇಷ್ಟ್ರ ಹೆಂಡತಿಯನ್ನು ಯಾರು ಮರೆಯುತ್ತಾರೆ? ಕೊನೆಗೆ ನೆಲಮಂಗಲದ ಬಳಿ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು, ಸ್ವಂತ ಹಣದಲ್ಲಿ ಊರವರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರು. ಕಲ್ಪನಾ ಮೂವತ್ತು ದಾಟಿದ ಮೇಲೂ ನಾಯಕಿಯಾಗಿಯೇ ಉಳಿಯಲು ಹೋರಾಡಿದರು. ಯಾರ ದಾರಿ ಸರಿ ಎಂದು ತೀರ್ಪು ಹೇಳಲು ನಾ ಬರೆಯುತ್ತಿಲ್ಲ. ಕಲ್ಪನಾ ಅವರ ಕೊನೆಯ ವರ್ಷಗಳ ಬಗ್ಗೆ 'ಹಟಮಾರಿ', 'ಅಹಂಕಾರಿ' ಎಂದು ಬರೆಯುವವರು ಈ ಗಡುವಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ ಎಂಬುದಷ್ಟೇ ನನ್ನ ಮಾತು.

ಸುರತ್ಕಲ್ಲಿನ ವಿದ್ಯಾರ್ಥಿ
ಉಯ್ಯಾಲೆ ನೋಡಿದೆ. ಅಜ್ಜಿಯೂ ಜೊತೆಗೆ ಕೂತಿದ್ದರು. ವೇಗದ ಬಗ್ಗೆ ಇದ್ದ ಅಳುಕು ಮೊದಲ ಅರ್ಧ ಗಂಟೆಯಲ್ಲೇ ಹೋಯಿತು. ಅಶ್ವತ್ಥ್ ಅವರ ಪಾತ್ರವನ್ನು ನೋಡಿ ಅಜ್ಜಿ 'ಇಂಥವರು ಮನೆಮನೆಯಲ್ಲಿ ಇದ್ದರು' ಎಂದರು. ಅಜ್ಜ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು.

ಒಂದು ಪ್ರಶ್ನೆ. ಕೊನೆಯ ವರ್ಷಗಳ ಬಗ್ಗೆ ಮಾತನಾಡಲೇಬಾರದೆಂದು ಈ ಚರ್ಚೆಯ ಮೊದಲಲ್ಲೇ ಹೇಳಿದ್ದೀರಿ. ಮುಚ್ಚಿಟ್ಟರೆ ನನ್ನಂತಹವರಿಗೆ ಅರ್ಧ ಚಿತ್ರವಷ್ಟೇ ಸಿಗುತ್ತದೆಯಲ್ಲವೇ?

ಕಾರ್ಕಳದ ಓದುಗಿ
ಮುಚ್ಚಿಡು ಎನ್ನುವುದಿಲ್ಲ ತಮ್ಮ. ಕೊನೆಯ ವರ್ಷಗಳಲ್ಲೂ ಕೆಲಸವಿತ್ತು, ಅದರ ಬಗ್ಗೆ ಮಾತಾಡೋಣ. ಆಗ ಅವರು ಗುಡಿಗೇರಿ ಬಸವರಾಜ್ ಅವರ ನಾಟಕ ಕಂಪನಿಯೊಂದಿಗೆ ಉತ್ತರ ಕರ್ನಾಟಕದ ಊರೂರು ಸುತ್ತಿ ರಂಗದ ಮೇಲೆ ನಟಿಸುತ್ತಿದ್ದರು. ಸಿನಿಮಾ ಕೈಬಿಟ್ಟ ಮೇಲೆ ನಾಟಕಕ್ಕೆ ಬಿದ್ದರು ಎಂದು ಬರೆಯುತ್ತಾರೆ. 'ಬಿದ್ದರು' ಎಂಬ ಧಾಟಿಯೇ ನನಗೆ ಹಿಡಿಸುವುದಿಲ್ಲ. ನಮ್ಮ ಕಡೆ ಯಕ್ಷಗಾನದ ಡೇರೆ ಮೇಳಗಳ ಆಟ ನೋಡಿದವರಿಗೆ ಗೊತ್ತು, ಪ್ರತಿ ರಾತ್ರಿ ಬೇರೆ ಊರಿನ ಜನರ ಮುಂದೆ ನಿಂತು ಅವರನ್ನು ಗೆಲ್ಲುವುದು ಎಷ್ಟು ದೊಡ್ಡ ದುಡಿಮೆಯೆಂದು. ಕ್ಯಾಮೆರಾದ ಮುಂದೆ ಹೆಸರು ಮಾಡಿ, ಮೂವತ್ತರ ನಂತರ ಆ ದುಡಿಮೆಗೆ ಇಳಿಯಲು ಎದೆಗಾರಿಕೆ ಬೇಕು.

ನಿವೃತ್ತ ಶುಶ್ರೂಷಕಿ, ಉಡುಪಿ
ಇನ್ನೊಂದು ಸೇರಿಸುತ್ತೇನೆ. ತೀರಿಕೊಂಡಾಗ ಅವರಿಗೆ ಮೂವತ್ತೈದು ವರ್ಷ. ಅವರ ಸಾವಿಗೆ ಇಂಥವರೇ ಕಾರಣ, ಇಂಥ ಒಂದು ಮಾತೇ ಕಾರಣ ಎಂದು ಬರೆಯುವುದನ್ನು ನಾವಾದರೂ ನಿಲ್ಲಿಸಬೇಕು. ಮನಸ್ಸಿನ ನೋವು ಒಂದು ಕಾರಣದಿಂದ ಬರುವುದಿಲ್ಲ. ಶರಪಂಜರದ ಕಾವೇರಿಯೇ ಕಲ್ಪನಾ ಎಂದು ಹೊಂದಿಸಿ ಬರೆಯುವವರು ಪಾತ್ರಕ್ಕೂ ಅನ್ಯಾಯ ಮಾಡುತ್ತಾರೆ, ನಟಿಗೂ ಅನ್ಯಾಯ ಮಾಡುತ್ತಾರೆ. ಅದು ಅವರ ಕಾಯಿಲೆಯಲ್ಲ, ಅವರ ಕಸುಬು.

ಇದನ್ನು ಓದುತ್ತಿರುವ ಯಾರಿಗಾದರೂ, ಬಾಣಂತಿಯರಿಗಾಗಲಿ ಬೇರೆಯವರಿಗಾಗಲಿ, ಬದುಕು ಸಾಕೆನಿಸುವಷ್ಟು ಕಷ್ಟವಾಗುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಮಲ್ಪೆಯ ಮೇಷ್ಟ್ರು
ಇಷ್ಟು ಜನ ಒಂದೆಡೆ ಸೇರಿದ್ದೀರಿ, ಒಂದು ಪ್ರಸ್ತಾಪ ಇಡುತ್ತೇನೆ. ನಮ್ಮ ಓದುಗರ ಬಳಗಕ್ಕೆ ಉಡುಪಿಯಲ್ಲಿ ಸಣ್ಣ ಸಭಾಂಗಣ ಸಿಗುತ್ತದೆ, ಪರದೆಯೂ ಪ್ರೊಜೆಕ್ಟರ್ ಕೂಡ ಇವೆ. ಆಗಸ್ಟಿನಲ್ಲಿ ಕಲ್ಪನಾ ಅವರ ಒಂದು ಚಿತ್ರ ನೋಡಿ, ಆಮೇಲೆ ಕೂತು ಮಾತಾಡೋಣ. ಯಾವುದು?

ಬಜಪೆಯ ಮಗಳು
ಶರಪಂಜರ. ಅಮ್ಮನನ್ನು ಕರೆತರುತ್ತೇನೆ.

ಕದ್ರಿ ನಿವಾಸಿ
ಶರಪಂಜರವನ್ನು ಎಲ್ಲರೂ ನೋಡಿದ್ದಾರೆ. ನನ್ನ ಮತ ಉಯ್ಯಾಲೆಗೆ. ನಾನೇ ಅದನ್ನು ನೋಡಿ ಬಹಳ ಕಾಲವಾಗಿದೆ, ಕಾರ್ಕಳದವರ ಮಾತು ಓದಿದ ಮೇಲೆ ಮತ್ತೆ ನೋಡಬೇಕೆನಿಸಿದೆ.

ನಿವೃತ್ತ ಶುಶ್ರೂಷಕಿ, ಉಡುಪಿ
ನನಗೆ ಶರಪಂಜರ. ಚಿತ್ರದ ನಂತರ ಬಾಣಂತಿಯರ ಆರೈಕೆಯ ಬಗ್ಗೆ ಹತ್ತು ನಿಮಿಷ ಮಾತನಾಡಲು ಅವಕಾಶ ಕೊಟ್ಟರೆ ಬರುತ್ತೇನೆ. ಎಳೆಯ ಸೊಸೆಯಂದಿರು, ಅವರ ಅತ್ತೆಯಂದಿರು ಇಬ್ಬರನ್ನೂ ಕರೆಯಿರಿ. ಗಂಡಂದಿರು ಖಂಡಿತ ಬರಲಿ.

ಕಾರ್ಕಳದ ಓದುಗಿ
ನಾನು ಮೂರನೆಯದನ್ನು ಸೂಚಿಸುತ್ತೇನೆ, 'ಹಣ್ಣೆಲೆ ಚಿಗುರಿದಾಗ'. ಪ್ರಶಸ್ತಿ ಪಡೆದ ಮೂರರಲ್ಲಿ ಇದರ ಮಾತೇ ಬರುವುದಿಲ್ಲ. 'ಹೂವು ಚೆಲುವೆಲ್ಲಾ ನಂದೆಂದಿತು' ಹಾಡು ಎಲ್ಲರಿಗೂ ಗೊತ್ತು, ಅದು ಯಾವ ಚಿತ್ರದ್ದೆಂದು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಮಾಲತಿ, ತಂದೆಯಾಗಿ ಆರ್. ನಾಗೇಂದ್ರರಾಯರು. ವಿಧವೆಯ ಮರುಮದುವೆಯ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಸಲೀಸಾಗಿ ಆಗುವುದಿಲ್ಲ. ಇಲ್ಲಿ ಕಲ್ಪನಾಗೆ ಹುಚ್ಚಿನ ದೃಶ್ಯವಿಲ್ಲ, ಸಾವಿನ ದೃಶ್ಯವಿಲ್ಲ. ಅವರ ನಾಯಕಿಯೊಬ್ಬಳು ಬದುಕಿ ಬಾಳುವುದನ್ನು ನಾವು ಒಮ್ಮೆ ಒಟ್ಟಿಗೆ ಕೂತು ನೋಡಬೇಕು.

ರಥಬೀದಿಯ ಟೈಲರ್
ಕಾರ್ಕಳದ ಅಕ್ಕ ಹೇಳಿದ್ದೇ ಸರಿ. ಮುಂದಿನ ತಿಂಗಳು ಶರಪಂಜರ ಇಟ್ಟುಕೊಳ್ಳೋಣ.

ಮಲ್ಪೆಯ ಮೇಷ್ಟ್ರು
ಹಾಗಾದರೆ ಮೊದಲು ಹಣ್ಣೆಲೆ ಚಿಗುರಿದಾಗ, ಸೆಪ್ಟೆಂಬರಿನಲ್ಲಿ ಶರಪಂಜರ ಮತ್ತು ಶುಶ್ರೂಷಕಿಯವರ ಮಾತು, ಅಕ್ಟೋಬರಿನಲ್ಲಿ ಉಯ್ಯಾಲೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಇಟ್ಟರೆ ದೂರದಿಂದ ಬಸ್ಸಿನಲ್ಲಿ ಬರುವವರಿಗೂ ಕತ್ತಲಾಗುವ ಮೊದಲು ಮನೆ ಸೇರಲು ಅನುಕೂಲ. ಬಜಪೆಯವರೇ, ಅಮ್ಮನ ಜೊತೆ ದೊಡ್ಡಮ್ಮನೂ ಬರಲಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಡುತ್ತೇನೆ.